ತಳ ತೋರುವ ಯಂತ್ರ

ಕೆಲವು ವಸ್ತುಗಳಿಗೆ ಅವುಗಳ ಹೆಸರೇ ಶತ್ರು. ಫಿಶ್ ಫೈಂಡರ್ ಅಂಥದೊಂದು. ಮೀನು ಹುಡುಕಿಕೊಡುತ್ತದೆಂದು ನಂಬಿ ಕೊಂಡವರು ತಿಂಗಳೊಪ್ಪತ್ತಿನಲ್ಲಿ ಅದನ್ನು ಬೈಯತೊಡಗುತ್ತಾರೆ. ಇರುವ ಮೀನನ್ನೆಲ್ಲ ಹುಡುಕಿ ಮುಗಿಸಿಬಿಡುತ್ತದೆಂದು ಹೆದರಿ ಕೊಳ್ಳದವರು ಅದರಿಂದ ಆಗಬಹುದಾದ ಉಪಕಾರವನ್ನೂ ಕಳೆದುಕೊಳ್ಳುತ್ತಾರೆ. ಎರಡು ವರ್ಷಗಳ ಅನುಭವದ ಮೇಲೆ ನಮಗೆ ತೋರಿರುವುದಿಷ್ಟು: ಅಗ್ಗದ ಫಿಶ್ ಫೈಂಡರನ್ನು ಸಮುದ್ರದ ತಳ ಕಾಣುವುದಕ್ಕಾಗಿ ಕೊಳ್ಳಬೇಕು. ಮೀನು ಕಂಡರೆ ಅದು ಮೇಲಿನ ಲಾಭ.

ನಾವು ಮೂವರು ಒಡಹುಟ್ಟಿದವರು. ಒಬ್ಬರು ಮುಂಬಯಿಯಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ ನೆಲೆಸಿದ್ದೇವೆ. ನಮ್ಮಲ್ಲಿ ಯಾರೂ ಬಲೆ ಹಿಡಿದು ಬದುಕಿದವರಲ್ಲ. ಆದರೆ ಅಮ್ಮನ ಮನೆ ಗಂಗೊಳ್ಳಿಯ ಸಮೀಪದ ಕಡಲ ಕರೆಯಲ್ಲಿದೆ. ಅಳಿಯಕಟ್ಟಿನ ಮನೆಯಾದ್ದರಿಂದ ಮಾವನ ದೋಣಿಯೆಂದರೆ ನಮಗೂ ಸಂಬಂಧಪಟ್ಟದ್ದೇ. ಔಟ್‌ಬೋರ್ಡ್ ಇಂಜಿನ್ ಕೂರಿಸಿದ ಫೈಬರಿನ ನಾಡದೋಣಿ ಅದು. ಮಾವನಿಗೆ ಎಪ್ಪತ್ತು ದಾಟಿದೆ. ಈಗ ದೋಣಿ ನಡೆಸುವವನು ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ. ಸಮುದ್ರ ಶಾಂತವಾಗಿದ್ದ ದಿನ ಮಾವನೂ ಹೋಗುತ್ತಾರೆ. ಬೇಡವೆಂದರೆ ಕೇಳುವವರಲ್ಲ.

ಎರಡು ವರ್ಷದ ಹಿಂದೆ, ಮಾವ ಜ್ವರದಿಂದ ಮಲಗಿದ್ದ ವಾರದಲ್ಲಿ, ಅಣ್ಣ ಇಳಿಸಿದ ಬಲೆ ತಳದಲ್ಲಿ ಎಂಥದಕ್ಕೋ ಸಿಕ್ಕಿಕೊಂಡಿತು. ಅರ್ಧ ಬಲೆ ಮೇಲೆ ಬಂತು, ಅರ್ಧ ಅಲ್ಲೇ ಉಳಿಯಿತು. ಕಲ್ಲೋ, ಎಂದೋ ಮುಳುಗಿದ ಬೋಟಿನ ಅವಶೇಷವೋ ತಿಳಿಯಲಿಲ್ಲ. ಮಾವನಿಗೆ ವಿಷಯ ಹೇಳಿದಾಗ ಅವರು ಕಣ್ಣುಮುಚ್ಚಿಕೊಂಡೇ, ಯಾವ ಗುರುತಿನ ನೇರಕ್ಕೆ ಯಾವ ಗುರುತು ಬರುವಲ್ಲಿ ಬಲೆ ಹಾಕಿದೆ ಎಂದು ಕೇಳಿದರಂತೆ. ಅಣ್ಣ ಹೇಳಿದ. ‘ಅಲ್ಲಿ ಕಲ್ಲಿತ್ತ್’ ಎಂದು ಗೋಡೆಯ ಕಡೆಗೆ ಹೊರಳಿದರಂತೆ. ಹೊಸ ಬಲೆಗೆ ಮಾಡಿದ ಸಾಲ ತೀರಲು ಒಂದು ಋತುವೇ ಬೇಕಾಯಿತು. ಅಣ್ಣ ನಮ್ಮನ್ನು ಫಿಶ್ ಫೈಂಡರ್ ಕೇಳಿದ್ದು ಆ ಸಾಲದ ನಡುವೆ. ಇಪ್ಪತ್ತು ಸಾವಿರ ರೂಪಾಯಿಯೊಳಗೆ ಸಿಗುವುದಾದರೆ ಮಾತ್ರ ಎಂಬ ಕರಾರನ್ನೂ ಅವನೇ ಹಾಕಿದ. ಕಳೆದುಹೋದ ಅರ್ಧ ಬಲೆಯ ಖರ್ಚೇ ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು.

ಮಾವನ ಒಪ್ಪಿಗೆ ಸುಲಭವಾಗಿ ದೊರೆಯಲಿಲ್ಲ. ಅವರ ಹಿಂಜರಿಕೆಯನ್ನು ಮುದುಕರ ಹಟವೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಹರೆಯದಲ್ಲಿ ಅವರು ರಂಪಣಿ ಎಳೆದವರು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಬಲೆ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿದ್ದನ್ನು ಕಣ್ಣಾರೆ ಕಂಡವರು. ದಡಕ್ಕೆ ಬರಬೇಕಾದ ಬಂಗುಡೆ, ಬೈಗೆಗಳ ಹಿಂಡನ್ನು ಹೊರಗಡಲಿನಲ್ಲೇ ಸುತ್ತುಗಟ್ಟಿ ಹಿಡಿಯತೊಡಗಿದಾಗ ನಡೆದ ಜಗಳಗಳು ಅವರ ನೆನಪಿನಲ್ಲಿವೆ. ಆಮೇಲೆ ರಾತ್ರಿಯಲ್ಲಿ ಪ್ರಖರವಾದ ಬೆಳಕು ಹಾಯಿಸಿ ಮೀನನ್ನು ಒಟ್ಟುಗೂಡಿಸುವ ಪದ್ಧತಿ ಬಂತು. ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು. ಆದರೂ ಅದರ ಮೇಲಿನ ದೂರುಗಳು ನಿಂತಿಲ್ಲ. ಇಷ್ಟನ್ನೆಲ್ಲ ಕಂಡ ಮಾವ ಫೋನಿನಲ್ಲಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲರಿಗೂ ಮೀನ್ ಕಂಡ್ರೆ, ಮೀನ್ ಅಡಗೂದ್ ಎಲ್ಲಿ ಮಕ್ಳೆ?’

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ಆದರೆ ಯಂತ್ರವೊಂದು ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂಬುದನ್ನು ಸರಿಯಾಗಿ ತಿಳಿದುಕೊಂಡೇ ಮಾತನಾಡೋಣವೆಂದು ನಿಶ್ಚಯಿಸಿ ಓದಲು ಕುಳಿತೆವು.

ತತ್ತ್ವ ಸರಳವಾಗಿದೆ. ದೋಣಿಯ ಅಡಿಯಲ್ಲಿರುವ ಟ್ರಾನ್ಸ್‌ಡ್ಯೂಸರ್ ಎಂಬ ಪುಟ್ಟ ಭಾಗ, ಮನುಷ್ಯನ ಕಿವಿಗೆ ಕೇಳದ ಶಬ್ದದ ಮಿಡಿತವೊಂದನ್ನು ನೀರಿಗೆ ಬಿಡುತ್ತದೆ. ತಳಕ್ಕೆ ಬಡಿದು ಬರುವ ಪ್ರತಿಧ್ವನಿಯನ್ನು ತಾನೇ ಆಲಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹತ್ತು ಮಾರು, ಅಂದರೆ ಸುಮಾರು 18 ಮೀಟರ್ ಆಳದ ತಳವನ್ನು ಮುಟ್ಟಿ ಬರಲು ಅದಕ್ಕೆ ಸೆಕೆಂಡಿನ 40ನೆಯ ಒಂದು ಭಾಗದಷ್ಟೂ ಸಮಯ ಬೇಡ. ಆ ಕಾಲವನ್ನು ಅಳೆದು ಯಂತ್ರ ಆಳವನ್ನು ಹೇಳುತ್ತದೆ. ನಡುನೀರಿನಲ್ಲಿ ಮೀನಿದ್ದರೆ ಅದರಿಂದಲೂ ಪ್ರತಿಧ್ವನಿ ಬರುತ್ತದೆ. ಆದರೆ ಮೀನಿನ ಮಾಂಸದ ಸಾಂದ್ರತೆ ನೀರಿಗೆ ಹತ್ತಿರವಾದದ್ದರಿಂದ ಶಬ್ದವನ್ನು ಹೆಚ್ಚಾಗಿ ಹಿಂದಿರುಗಿಸುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲ.

ಇದರ ಚರಿತ್ರೆಯೂ ಕುತೂಹಲಕರವಾಗಿದೆ. ಪ್ರತಿಧ್ವನಿಯಿಂದ ಆಳ ಅಳೆಯುವ ಪ್ರಯತ್ನಗಳು 1912ರ ಟೈಟಾನಿಕ್ ದುರಂತದ ಅನಂತರ ಚುರುಕಾದವು. ನಾರ್ವೆಯ ಆಸ್ಕರ್ ಸುಂಡ್ ಕಾಡ್ ಮೀನಿನ ಹಿಂಡುಗಳ ಪ್ರತಿಧ್ವನಿಯ ದಾಖಲೆಯನ್ನು 1935ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೀನುಗಾರರ ಕೈಗೆ ಕೊಡಬಹುದಾದ ಯಂತ್ರವನ್ನು 1948ರಲ್ಲಿ ಹೊರತಂದವರು ಜಪಾನಿನ ನಾಗಾಸಾಕಿ ಪ್ರಾಂತದ ಫುರುನೋ ಸಹೋದರರು. ಅವರು ದೋಣಿಗಳ ವಿದ್ಯುತ್ ಉಪಕರಣಗಳ ಕೆಲಸ ಮಾಡುತ್ತಿದ್ದವರು. ನೀರಿನಿಂದ ಗುಳ್ಳೆ ಏಳುವಲ್ಲಿ ಮೀನಿರುತ್ತದೆಂಬ ಮೀನುಗಾರರ ಮಾತೇ ಅವರಿಗೆ ದಾರಿ ತೋರಿತೆಂದು ಹೇಳುತ್ತಾರೆ. ಈ ಸಂಗತಿಯನ್ನು ಮಾವನಿಗೆ ತಿಳಿಸಿದಾಗ ಅವರು ಮೊದಲ ಬಾರಿಗೆ ಆಸಕ್ತಿಯಿಂದ ಆಲಿಸಿದರು. ಗುಳ್ಳೆಯ ಮಾತು ಅವರಿಗೆ ಹೊಸದಾಗಿರಲಿಲ್ಲ.

ಇನ್ನು ಆಯ್ಕೆ. ಅಂಗಡಿಯ ಮಾತಿಗೆ ಕಿವಿಗೊಟ್ಟರೆ ಪರದೆ ದೊಡ್ಡದಾದಷ್ಟೂ, ಆಳ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ಹುಟ್ಟುತ್ತದೆ. ನಾವು ಅಣ್ಣನನ್ನು ಮೊದಲು ಕೇಳಿದ್ದು, ‘ನೀನು ಹೋಗುವುದು ಎಷ್ಟು ಆಳಕ್ಕೆ?’ ಎಂದು. ಹೆಚ್ಚೆಂದರೆ ಇಪ್ಪತ್ತು ಮಾರು ಎಂದ. ಆ ಒಂದು ಉತ್ತರದಿಂದ ಅರ್ಧ ಪಟ್ಟಿ ಅಳಿಸಿಹೋಯಿತು. 50 ಕಿಲೋಹರ್ಟ್ಸ್‌ನ ಕಡಿಮೆ ಆವರ್ತನದ ಶಬ್ದ ಬಹಳ ಆಳಕ್ಕೆ ಇಳಿಯುತ್ತದೆ, ಆದರೆ ಅದು ಕೊಡುವ ಚಿತ್ರ ಒರಟು. 200 ಕಿಲೋಹರ್ಟ್ಸ್‌ನದು ಅಷ್ಟು ಆಳಕ್ಕೆ ಹೋಗದು, ಆದರೆ ತೋರಿಸುವುದನ್ನು ಸೂಕ್ಷ್ಮವಾಗಿ ತೋರಿಸುತ್ತದೆ. ಕರಾವಳಿಯ ಹತ್ತಿರದ ನೀರಿಗೆ 200 ಧಾರಾಳವಾಗಿ ಸಾಕು. ಸಾವಿರ ಅಡಿ ಆಳ ತೋರಿಸುವೆನೆಂಬ ಯಂತ್ರಕ್ಕೆ ನಾಡದೋಣಿಯಲ್ಲಿ ಕೆಲಸವಿಲ್ಲ.

ಎರಡನೆಯದು ಶಬ್ದದ ಕೋನ. 20 ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರ್ ತಳದಲ್ಲಿ ಕಾಣುವುದು ಆಳದ ಸುಮಾರು ಮೂರನೆಯ ಒಂದು ಭಾಗದಷ್ಟು ಅಗಲವನ್ನು ಮಾತ್ರ. 18 ಮೀಟರ್ ನೀರಿನಲ್ಲಿ 6 ಮೀಟರಿನ ಒಂದು ವೃತ್ತ. ಅದರಾಚೆ ಒಂದು ಮಾರು ದೂರದಲ್ಲಿ ಬಂಗುಡೆಯ ಹಿಂಡೇ ಹಾದುಹೋದರೂ ಅದಕ್ಕೆ ಗೊತ್ತಾಗದು. ಮುಂದೆ ನೋಡದು, ಪಕ್ಕಕ್ಕೆ ನೋಡದು. ದೊಡ್ಡ ಬೋಟುಗಳ ಸೋನಾರ್ ಸುತ್ತಲೂ ನೂರಾರು ಮೀಟರ್ ದೂರ ಜಾಲಾಡಬಲ್ಲದು. ಅದರ ಬೆಲೆ ಲಕ್ಷಗಳಲ್ಲಿರುತ್ತದೆ. ಮಾವನ ಪ್ರಶ್ನೆಗೆ ನಾವು ಕೊಡಬಲ್ಲ ಅಲ್ಪ ಸಮಾಧಾನ ಇಲ್ಲಿತ್ತು. ನಮ್ಮ ಬಜೆಟ್ಟಿನ ಯಂತ್ರ ದೋಣಿಯ ನೆರಳಿನಷ್ಟು ಜಾಗವನ್ನು ಮಾತ್ರ ನೋಡುತ್ತದೆ. ಅಲ್ಲಿ ಅಡಗುವುದಕ್ಕೆ ಮೀನಿಗೆ ಇಡೀ ಕಡಲೇ ಉಳಿದಿರುತ್ತದೆ.

ಮೊಬೈಲಿಗೆ ಚಿತ್ರ ಕಳಿಸುವ, ಗಾಳದ ದಾರಕ್ಕೆ ಕಟ್ಟಿ ಎಸೆಯುವ ಚೆಂಡಿನಂಥ ಫಿಶ್ ಫೈಂಡರುಗಳೂ ಈ ಬೆಲೆಗೆ ಸಿಗುತ್ತವೆ. ಕೆರೆಯ ದಂಡೆಯಲ್ಲೋ ಹಿನ್ನೀರಿನಲ್ಲೋ ಹವ್ಯಾಸಕ್ಕೆ ಗಾಳ ಹಾಕುವವರಿಗೆ ಅವು ಚೆನ್ನ. ಆದರೆ ಬಲೆ ಎಳೆಯುವ ಒದ್ದೆ ಕೈಗೆ ಮೊಬೈಲಿನ ಗಾಜು ಒಗ್ಗದು. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಮೂರು ಅಗತ್ಯಗಳು ಉಳಿದವು: ಒದ್ದೆ ಬೆರಳಿಗೂ ತಿಳಿಯುವ ಉಬ್ಬು ಗುಂಡಿಗಳು, ನಡುಹಗಲಿನ ಬಿಸಿಲಿನಲ್ಲೂ ಕಾಣುವ ಪರದೆ, ಇದ್ದಲ್ಲಿಯೇ ಗುಂಡಿಯೊತ್ತಿ ಸ್ಥಳ ಗುರುತಿಟ್ಟುಕೊಳ್ಳಬಲ್ಲ ಜಿಪಿಎಸ್. ಹಣ ಉಳಿಸಬೇಕೆಂದರೆ ಪರದೆಯ ಗಾತ್ರದಲ್ಲಿ ಉಳಿಸಿ, ಜಿಪಿಎಸ್ಸಿನಲ್ಲಿ ಉಳಿಸಬೇಡಿ ಎಂಬುದು ಕೊಳ್ಳಹೊರಟವರಿಗೆ ನಮ್ಮ ಮಾತು. ಕೊನೆಗೆ ನಾವು ಕೊಂಡದ್ದು ಅಂಗೈಗಿಂತ ತುಸು ದೊಡ್ಡ ಪರದೆಯ ಯಂತ್ರ. ಬ್ಯಾಟರಿ, ತಂತಿ, ಫ್ಯೂಸುಗಳನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ತೆಗೆದುಕೊಂಡು ಊರಿಗೆ ಹೊರಟೆವು.

ಯಂತ್ರ ಕೊಂಡ ಮಾತ್ರಕ್ಕೆ ಮುಗಿಯಲಿಲ್ಲ. ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಗೆ ಸ್ಕ್ರೂ ಹಾಕಿ ಜೋಡಿಸಬೇಕೆಂದು ಅದರೊಂದಿಗೆ ಬಂದ ಪುಸ್ತಿಕೆ ಹೇಳುತ್ತಿತ್ತು. ಕಟ್ಟೆಗೆ ಕಟ್ಟಿ ನಿಲ್ಲಿಸುವ ದೋಣಿಗಳಿಗೆ ಅದು ಸರಿ. ಅಲೆ ಒಡೆಯುವಲ್ಲಿ ಮರಳಿನ ಮೇಲೆ ತಳ್ಳಿ ಇಳಿಸುವ, ಮತ್ತೆ ಮರಳಿನ ಮೇಲೆಯೇ ಎಳೆದು ಹತ್ತಿಸುವ ದೋಣಿಯಲ್ಲಿ ಹಾಗೆ ಕೂರಿಸಿದರೆ ಮೊದಲ ದಿನವೇ ಅದು ಪುಡಿಯಾದೀತು. ದೋಣಿಯೊಳಗೇ ಫೈಬರಿಗೆ ಅಂಟಿಸಿ ಶಬ್ದ ಹಾಯಿಸುವ ಕ್ರಮವೂ ಇದೆ. ಆದರೆ ಫೈಬರು ಗಟ್ಟಿಯಾಗಿ ಒಂದೇ ಪದರವಾಗಿರಬೇಕು, ನಡುವೆ ಮರವೋ ಫೋಮೋ ಗಾಳಿಯೋ ಇರಬಾರದು. ಮಾವ ಸ್ವಲ್ಪ ಹೊತ್ತು ಆ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಒಂದು ಹಳೆಯ ಹುಟ್ಟಿನ ಕೋಲನ್ನು ತಂದು, ಅದರ ತುದಿಗೆ ಟ್ರಾನ್ಸ್‌ಡ್ಯೂಸರನ್ನು ಕಟ್ಟಿ, ದೋಣಿಯ ಬದಿಯಲ್ಲಿ ಬೇಕೆಂದಾಗ ಇಳಿಸಿ ಬೇಡವೆಂದಾಗ ಎತ್ತುವಂತೆ ಮಾಡಿದರು. ಇಂಜಿನ್ನಿನ ಪಂಖ ಎಬ್ಬಿಸುವ ನೊರೆಯಿಂದ ದೂರವಿರಲೆಂದು ಅದನ್ನು ಮುಂದಕ್ಕೆ ಸರಿಸಿದವರೂ ಅವರೇ. ನೀರಿನಲ್ಲಿ ಗಾಳಿಯ ಗುಳ್ಳೆಗಳಿದ್ದರೆ ಶಬ್ದ ಅಲ್ಲೇ ಚದುರಿಹೋಗಿ ಪರದೆಯೆಲ್ಲ ಚುಕ್ಕೆಮಯವಾಗುತ್ತದೆಂದು ಪುಸ್ತಿಕೆಯ ಇನ್ನೊಂದು ಪುಟದಲ್ಲಿತ್ತು. ಅದನ್ನು ನಾವು ಓದಿ ಹೇಳುವ ಮುನ್ನವೇ ಕೋಲು ಸರಿಯಾದ ಜಾಗದಲ್ಲಿತ್ತು.

ವಿದ್ಯುತ್ತಿಗೆ ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಸಾಕಾಗುತ್ತದೆ. ಇಂಥ ಸಣ್ಣ ಯಂತ್ರ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವುದಿಲ್ಲವಾದ್ದರಿಂದ ಒಂದು ದಿನದ ಕೆಲಸಕ್ಕೆ ಚಿಂತೆಯಿಲ್ಲ. ನಡುವೆ ಫ್ಯೂಸ್ ಇರಲೇಬೇಕು. ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಯಂತ್ರದ ಮೇಲೆ ಐಪಿಎಕ್ಸ್ 7 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆಂದು ಅರ್ಥ. ಆದರೆ ಆ ಭರವಸೆ ತಂತಿಗಳ ಕೀಲುಗಳಿಗೆ ಅನ್ವಯಿಸದು. ಉಪ್ಪುನೀರು ಮೊದಲು ತಿನ್ನುವುದು ಅವನ್ನೇ. ಪ್ರತಿದಿನ ಸಿಹಿನೀರಿನಲ್ಲಿ ಒರೆಸಿ, ಒಣಗಿಸಿ, ಕೀಲಿಗೆ ತುಸು ವ್ಯಾಸಲಿನ್ ಸವರುವುದನ್ನು ಅತ್ತಿಗೆ ತನ್ನ ಕೆಲಸವೆಂದು ವಹಿಸಿಕೊಂಡಿದ್ದಾಳೆ. ಯಂತ್ರ ಎರಡು ವರ್ಷ ಬಾಳಿರುವುದು ಅವಳಿಂದ.

ಪರದೆಯನ್ನು ಓದುವ ಬಗ್ಗೆ ಕೆಲವು ಮಾತು. ಹೊಸಬರು ಅದನ್ನು ನೀರೊಳಗಿನ ಟಿವಿಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಪರದೆಯ ಬಲ ಅಂಚಿನ ಒಂದು ಗೆರೆ ಮಾತ್ರ ಈ ಕ್ಷಣದ್ದು. ಎಡಕ್ಕೆ ಸರಿದದ್ದೆಲ್ಲ ಕಳೆದುಹೋದ ಕಾಲ. ದೋಣಿ ನಿಂತಿದ್ದರೂ ಚಿತ್ರ ಸರಿಯುತ್ತಲೇ ಇರುತ್ತದೆ. ಶಬ್ದದ ಕೋನದೊಳಗೆ ಹಾದುಹೋಗುವ ಮೀನು ಬಿಲ್ಲಿನಂತೆ ಬಾಗಿದ ಗೆರೆಯನ್ನು ಬಿಡಿಸುತ್ತದೆ, ಏಕೆಂದರೆ ಅದು ಮೊದಲು ಹತ್ತಿರವಾಗಿ ಆಮೇಲೆ ದೂರವಾಗುತ್ತದೆ. ಅಲುಗದೆ ಅಡಿಯಲ್ಲೇ ನಿಂತ ಮೀನು ಉದ್ದನೆಯ ಗೆರೆಯಾಗುತ್ತದೆ. ಹಿಂಡು ಮೋಡದಂತೆ ಕಾಣುತ್ತದೆ. ಅಗ್ಗದ ಯಂತ್ರಗಳಲ್ಲಿ ಪ್ರತಿಧ್ವನಿಯ ಬದಲು ಮುದ್ದಾದ ಮೀನಿನ ಚಿತ್ರಗಳನ್ನೇ ತೋರಿಸುವ ಸೌಲಭ್ಯವೊಂದಿರುತ್ತದೆ. ಅದನ್ನು ಆರಿಸಿಡುವುದೇ ಒಳ್ಳೆಯದು. ನಡುನೀರಿನ ಗುಳ್ಳೆಯೂ ತೇಲುವ ಪ್ಲಾಸ್ಟಿಕ್ ಚೀಲವೂ ಅದರ ಕಣ್ಣಿಗೆ ಮೀನೇ.

ತಳದ ಓದು ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಕೆಸರಿನ ತಳ ಶಬ್ದವನ್ನು ಹೀರಿಕೊಳ್ಳುವುದರಿಂದ ಗೆರೆ ಮಂದವಾಗಿ, ಮಬ್ಬಾಗಿರುತ್ತದೆ. ಗಟ್ಟಿ ತಳ ಪ್ರಖರವಾದ ಗೆರೆ ಕೊಡುತ್ತದೆ. ಕಲ್ಲಿನಂಥ ತಳವಾದರೆ ಶಬ್ದ ಮೇಲಕ್ಕೆ ಬಂದು, ನೀರಿನ ಮೇಲ್ಮೈಗೆ ಬಡಿದು, ಮತ್ತೊಮ್ಮೆ ಇಳಿದು ಬರುತ್ತದೆ. ಆಗ ಎರಡರಷ್ಟು ಆಳದಲ್ಲಿ ಇನ್ನೊಂದು ತಳದ ಗೆರೆ ಮೂಡುತ್ತದೆ. ಪರದೆಯಲ್ಲಿ ತೋರುವ ಆಳದ ಮಿತಿಯನ್ನು ನಿಜವಾದ ಆಳದ ಎರಡರಷ್ಟಕ್ಕಿಂತ ತುಸು ಹೆಚ್ಚಿಗೆ ಇಟ್ಟರೆ ಮಾತ್ರ ಇದು ಕಂಡೀತು. ಆ ಎರಡನೆಯ ಗೆರೆ ಕಂಡಲ್ಲಿ ಅಣ್ಣ ಬಲೆ ಇಳಿಸುವುದಿಲ್ಲ. ಎರಡು ಋತುಗಳಿಂದ ಅವನ ಬಲೆ ಕಲ್ಲಿಗೆ ಸಿಕ್ಕಿಲ್ಲ.

ಮಾವನಿಗೂ ಯಂತ್ರಕ್ಕೂ ಸ್ನೇಹವಾದದ್ದು ಒಂದು ಸಣ್ಣ ಕಾರಣದಿಂದ. ಆಳವನ್ನು ಮೀಟರ್, ಅಡಿ ಅಥವಾ ಫ್ಯಾದಮ್ ಲೆಕ್ಕದಲ್ಲಿ ತೋರಿಸುವ ಆಯ್ಕೆ ಅದರಲ್ಲಿತ್ತು. ಫ್ಯಾದಮ್ ಎಂದರೆ ಆರಡಿ. ಎರಡೂ ತೋಳು ಚಾಚಿದರೆ ಆಗುವ ಉದ್ದ. ಅಂದರೆ ನಮ್ಮ ಮಾರು. ಅಣ್ಣ ಅದನ್ನು ಆರಿಸಿ ತೋರಿಸಿದಾಗ ಮಾವ ಪರದೆಯನ್ನು ನೋಡಿ, ‘ಇದ್ರಗೆ ನಮ್ ಮಾರೇ ಇತ್ತಲ್ಲ!’ ಎಂದರು. ಆಮೇಲೆ ಸೀಸದ ಗುಂಡು ಕಟ್ಟಿದ ತಮ್ಮ ಹಗ್ಗವನ್ನು ಇಳಿಸಿ, ತೋಳಿನಲ್ಲಿ ಅಳೆದು ನೋಡಿದರು. ಎಂಟೂವರೆ. ಯಂತ್ರವೂ ಅಷ್ಟೇ ಹೇಳುತ್ತಿತ್ತು. ಗುಂಡಿನ ಅಡಿಗೆ ಮೆತ್ತಿದ್ದ ಗ್ರೀಸಿಗೆ ಅಂಟಿ ಬಂದ ಕಪ್ಪು ಕೆಸರನ್ನು ಬೆರಳಿನಲ್ಲಿ ಉಜ್ಜಿ ಮೂಸಿ, ಇದನ್ನು ನಿಮ್ಮ ಯಂತ್ರ ಹೇಳುವುದಿಲ್ಲ ಎಂದರು. ಅದೂ ನಿಜವೇ.

ಯಂತ್ರ ಹೇಳದಿರುವುದು ಇನ್ನೂ ಇದೆ. ಅಂಜಲ್ ಮೀನಿಗೆ ಗಾಳಿಚೀಲವಿಲ್ಲ, ಆದ್ದರಿಂದ ಪೇಟೆಯಲ್ಲಿ ಹೆಚ್ಚು ಬೆಲೆ ತರುವ ಮೀನೇ ಪರದೆಯಲ್ಲಿ ಮಂದವಾಗಿ ಕಾಣುತ್ತದೆ. ಹಗಲು ಒತ್ತಾಗಿ ಕೂಡುವ ಹಿಂಡು ರಾತ್ರಿ ಚದುರುವುದರಿಂದ ಮೋಡವೂ ತೆಳುವಾಗುತ್ತದೆ. ಚಂದ್ರನಿಲ್ಲದ ರಾತ್ರಿಯಲ್ಲಿ ಹಿಂಡು ಕದಲಿದಾಗ ನೀರು ತಣ್ಣಗೆ ಮಿನುಗುವುದನ್ನು ಕಂಡು ಇದು ಬಂಗುಡೆ, ಇದು ಬೈಗೆ ಎಂದು ಮಾವ ಹೇಳಬಲ್ಲರು. ಪರದೆಗೆ ಆ ಬೆಳಕಿನ ಪರಿಚಯವಿಲ್ಲ. ನಮ್ಮಲ್ಲೊಬ್ಬರು ಇರುವ ಹೈದರಾಬಾದಿನಲ್ಲಿಯೇ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವಿದೆ. 1999ರಲ್ಲಿ ಸ್ಥಾಪನೆಯಾದ, ಇನ್‌ಕಾಯ್ಸ್ ಎಂದು ಕರೆಯುವ ಆ ಸಂಸ್ಥೆ ಉಪಗ್ರಹಗಳು ಅಳೆದ ಸಮುದ್ರದ ಮೇಲ್ಮೈ ಉಷ್ಣತೆಯನ್ನೂ ಹಸಿರಿನ ಅಂಶವನ್ನೂ ನೋಡಿ ಮೀನು ಸೇರುವ ಸಂಭವವಿರುವ ಪ್ರದೇಶಗಳನ್ನು ಕನ್ನಡದಲ್ಲಿಯೂ ತಿಳಿಸುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾವ ದಿಕ್ಕಿಗೆ ಹೋಗಬಹುದೆಂಬುದಕ್ಕೆ ಆ ಸೂಚನೆ, ಹೋದಲ್ಲಿ ನೀರನ್ನು ತಿಳಿಯಲು ಮಾವನ ಕಣ್ಣು, ಬಲೆ ಇಳಿಸುವ ಮುನ್ನ ತಳ ನೋಡಲು ಯಂತ್ರ — ಈಗ ಆ ದೋಣಿಯಲ್ಲಿ ಕೆಲಸ ಹೀಗೆ ಹಂಚಿಹೋಗಿದೆ.

ಜಿಪಿಎಸ್ಸಿನಲ್ಲಿ ಹಣ ಉಳಿಸಬೇಡಿ ಎಂದೆವಷ್ಟೆ. ಅದರ ಕಾರಣವನ್ನು ಹೇಳುವುದು ಬಾಕಿಯಿದೆ. ಮಾವನ ತಲೆಮಾರಿನವರು ಸಮುದ್ರದಲ್ಲಿ ಜಾಗ ಗುರುತಿಸುತ್ತಿದ್ದುದು ದಡದ ಗುರುತುಗಳಿಂದ. ಕೊಡಚಾದ್ರಿಯ ತುದಿ ಇಂಥ ತೆಂಗಿನ ಗುಂಪಿನ ನೆತ್ತಿಗೆ ಬರಬೇಕು. ಚರ್ಚಿನ ಗೋಪುರ ಇಂಥ ಗುಡ್ಡದ ಇಳಿಜಾರಿಗೆ ತಾಗಬೇಕು. ಎರಡೂ ಗೆರೆ ಕೂಡಿದಲ್ಲಿ ಇಂಥ ಕಲ್ಲು. ಇದು ಎಷ್ಟು ಕರಾರುವಾಕ್ಕೆಂದರೆ ಹತ್ತಿಪ್ಪತ್ತು ಮಾರು ಹೆಚ್ಚುಕಮ್ಮಿಯಾಗುವುದಿಲ್ಲ. ಆದರೆ ತೆಂಗಿನ ಗುಂಪು ಕಡಿದು ಹೋಗಿದೆ. ಗುಡ್ಡದ ಇಳಿಜಾರಿಗೆ ಬಹುಮಹಡಿ ಕಟ್ಟಡ ಅಡ್ಡ ಬಂದಿದೆ. ಅಣ್ಣನಿಗೆ ಮಾವ ಕಲಿಸಿದ ಗುರುತುಗಳಲ್ಲಿ ಕೆಲವು ಈಗ ಕಾಣುವುದೇ ಇಲ್ಲ. ಜ್ವರದ ವಾರದಲ್ಲಿ ಬಲೆ ಹರಿದದ್ದೂ ಹಾಗೆಯೇ. ಗೆರೆಯ ಒಂದು ತುದಿಯಲ್ಲಿದ್ದ ಮರವನ್ನು ಯಾರೋ ಕಡಿದಿದ್ದರು. ಮಾವನ ಮನಸ್ಸಿನಲ್ಲಿ ಮಾತ್ರ ಆ ಮರ ಇನ್ನೂ ನಿಂತಿತ್ತು.

ಕಳೆದ ಋತುವಿನಿಂದ ಮಾವ ಸಮುದ್ರಕ್ಕೆ ಹೋದಾಗಲೆಲ್ಲ ಒಂದೊಂದು ಕಲ್ಲಿನ ಮೇಲೆ ದೋಣಿ ನಿಲ್ಲಿಸುತ್ತಾರೆ. ಕಡಿದುಹೋದ ಮರಗಳನ್ನೂ ಕಣ್ಣಿಗೆ ಕಟ್ಟಿಕೊಂಡು, ಸ್ವಲ್ಪ ಮುಂದೆ, ಇನ್ನು ಸ್ವಲ್ಪ ತೆಂಕಕ್ಕೆ ಎನ್ನುತ್ತಾ ಹೋಗುತ್ತಾರೆ. ಪರದೆಯಲ್ಲಿ ಎರಡನೆಯ ಗೆರೆ ಮೂಡಿದೊಡನೆ ಅಣ್ಣ ಗುಂಡಿ ಒತ್ತುತ್ತಾನೆ. ಯಂತ್ರ ಅದಕ್ಕೆ ಒಂದು ಸಂಖ್ಯೆ ಕೊಡುತ್ತದೆ. ಮಾವ ಹೆಸರು ಹೇಳುತ್ತಾರೆ. ಆ ಹೆಸರುಗಳು ಯಾವ ನಕ್ಷೆಯಲ್ಲಿಯೂ ಇಲ್ಲ. ಯಾರೋ ಬಲೆ ಕಳೆದುಕೊಂಡ ಕಲ್ಲು, ಯಾವುದೋ ಮಚ್ಚೆ ಮುಳುಗಿದ ಜಾಗ, ಅಜ್ಜಿಯ ತಮ್ಮನ ಹೆಸರಿನದೊಂದು. ಯಂತ್ರ ಕೆಟ್ಟರೂ ಉಳಿಯಲಿ ಎಂದು ಅತ್ತಿಗೆ ಆ ಸಂಖ್ಯೆ, ಅಕ್ಷಾಂಶ, ರೇಖಾಂಶ, ಮಾರಿನ ಲೆಕ್ಕ, ಹೆಸರು ಎಲ್ಲವನ್ನೂ ಶಾಲೆಯ ನೋಟುಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದಾಳೆ. ಪ್ರತಿ ಪುಟದ ಚಿತ್ರ ನಮ್ಮ ಮೂವರ ಫೋನಿಗೂ ಬರುತ್ತದೆ.

ಮೀನು ಹೆಚ್ಚು ಸಿಕ್ಕಿತೇ ಎಂದು ಕೇಳುವವರಿಗೆ ಅಣ್ಣ ಇಲ್ಲವೆನ್ನುತ್ತಾನೆ. ಬಲೆ ಉಳಿಯಿತು, ಸುಮ್ಮನೆ ಸುಟ್ಟ ಎಣ್ಣೆ ಕಡಿಮೆಯಾಯಿತು, ಮಬ್ಬಿನಲ್ಲಿ ಅಳಿವೆಯ ಬಾಗಿಲನ್ನು ಹೊಗುವಾಗ ಮರಳ ದಿಬ್ಬ ಎಲ್ಲಿದೆಯೆಂದು ತಿಳಿಯಿತು ಎನ್ನುತ್ತಾನೆ. ಕರಾವಳಿಯಲ್ಲಿ ದೋಣಿಯಿರುವ ಬಂಧುಗಳಿಗೆ ಇಂಥದೊಂದನ್ನು ಕಳಿಸಬೇಕೆಂದಿರುವ ಓದುಗರು ಹಣ ತೆಗೆದಿಡುವ ಮೊದಲು ಅವರನ್ನು ಮೂರು ಪ್ರಶ್ನೆ ಕೇಳಲಿ: ಎಷ್ಟು ಮಾರು ನೀರಿಗೆ ಹೋಗುತ್ತೀರಿ? ದೋಣಿಯನ್ನು ಮರಳಿನಿಂದ ಇಳಿಸುತ್ತೀರೋ, ಕಟ್ಟೆಯಿಂದಲೋ? ಕಲ್ಲುಗಳ ಜಾಗ ಬಲ್ಲ ಹಿರಿಯರು ಮನೆಯಲ್ಲಿದ್ದಾರೆಯೇ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ತಡಮಾಡಬಾರದು. ಅತ್ತಿಗೆಯ ಪುಸ್ತಕದಲ್ಲಿ ಈಗ 31 ಹೆಸರುಗಳಿವೆ. ಇನ್ನೂ ಇಷ್ಟೇ ಇವೆ ಎಂದು ಮಾವ ಹೇಳುತ್ತಾರೆ. ಮಳೆಗಾಲ ಕಳೆದು ಕಡಲು ತಿಳಿಯಾದ ಕೂಡಲೇ ಬಡಗು ದಿಕ್ಕಿನವನ್ನು ಮುಗಿಸಬೇಕೆಂಬುದು ಅವರ ಲೆಕ್ಕ.